ಹಿಂದಿನ ಗಾಲಿಯ ಕುಂಯ್

ಚೈನಿಲ್ಲದ ಮೋಟಾರ್ ಸೈಕಲ್ ಎಂಬುದೊಂದು ಈ ಲೋಕದಲ್ಲಿದೆ ಎಂದು ತಿಳಿದ ದಿನವೇ, ಎಂದಾದರೂ ಅದನ್ನು ಕೊಂಡೇ ತೀರುತ್ತೇನೆ ಎಂದು ನಿಶ್ಚಯಿಸಿಬಿಟ್ಟಿದ್ದೆ. ಕಾರಣ ಹೇಳಿದರೆ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಗದಗಿನಲ್ಲಿ ಹೈಸ್ಕೂಲು ಓದುವಾಗ ಒಂದು ನಾಗರಪಂಚಮಿಯ ದಿನ ನನ್ನ ಸೈಕಲ್ಲಿನ ಚೈನು ಹೊಸ ಲಂಗದ ಅಂಚನ್ನು ಕಚ್ಚಿಕೊಂಡು, ಮುಂದಕ್ಕೂ ಬಿಡದೆ ಹಿಂದಕ್ಕೂ ಬಿಡದೆ, ಸ್ಟೇಷನ್ ರೋಡಿನ ನಟ್ಟನಡುವೆ ನನ್ನನ್ನು ನಿಲ್ಲಿಸಿತು. ಲಂಗ ಬಿಚ್ಚುವ ಹಾಗಿಲ್ಲ, ಸೈಕಲ್ ಬಿಟ್ಟು ಹೋಗುವ ಹಾಗಿಲ್ಲ. ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಒಂದು ಕಾಲು ಎಳೆಯುತ್ತ, ಸೈಕಲ್ಲೂ ನಾನೂ ಒಂದೇ ಪ್ರಾಣಿಯಾಗಿ ಮನೆ ಮುಟ್ಟಿದೆವು. ಅವತ್ತಿನಿಂದ ಚೈನು ಎಂದರೆ ನನಗೆ ಆಗುವುದಿಲ್ಲ.

ಹಾಗಾಗಿ ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬ್ಯಾಂಕಿನ ಕುರ್ಚಿಯಲ್ಲಿ ಕೂತು, ತಲೆಯಲ್ಲಿ ಕರಿಗೂದಲಿಗಿಂತ ಬಿಳಿಗೂದಲು ಹೆಚ್ಚಾದ ಮೇಲೆ, ಒಂದು ಹಳೆಯ ಶಾಫ್ಟಿನ ಗಾಡಿ ಮಾರಾಟಕ್ಕಿದೆ ಎಂದು ಕಿವಿಗೆ ಬಿದ್ದಾಗ ನಾನು ಎರಡನೇ ಮಾತು ಆಡಲಿಲ್ಲ. ಅದರಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ ಹೋಗುವುದು ಒಂದು ಉಕ್ಕಿನ ದಂಡದ ಮೂಲಕ. ಆ ದಂಡ ಒಂದು ಕೊಳವೆಯೊಳಗೆ ಮರೆಯಾಗಿ ತಿರುಗುತ್ತದೆ, ಕೊನೆಯಲ್ಲಿ ಎರಡು ಹಲ್ಲುಚಕ್ರಗಳು ಆ ತಿರುಗುವಿಕೆಯನ್ನು ಗಾಲಿಗೆ ದಾಟಿಸುತ್ತವೆ. ಕಚ್ಚುವುದಕ್ಕೆ ಹೊರಗೆ ಏನೂ ಇಲ್ಲ. ಮಾರುವವರು ವಿಳಿಂಜಂ ಬಂದರಿನ ಹತ್ತಿರ ಮನೆ ಮಾಡಿಕೊಂಡಿದ್ದ ಒಬ್ಬ ನಿವೃತ್ತ ಹಡಗು ಎಂಜಿನಿಯರು. ಮೊಣಕಾಲು ಹೋಯಿತು, ಇಲ್ಲವಾದರೆ ಕೊಡುತ್ತಿರಲಿಲ್ಲ ಎಂದು ಗಾಡಿಯ ಸೀಟನ್ನು ಮಗಳ ಬೆನ್ನು ಸವರುವ ಹಾಗೆ ಸವರಿ ಕೊಟ್ಟರು.

ನಮ್ಮ ಮನೆಯವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ತಿರುವನಂತಪುರದಲ್ಲಿ, ನಾನು ಕೊಚ್ಚಿಯಲ್ಲಿ. ವಾರಕ್ಕೊಮ್ಮೆ ರೈಲು ಹತ್ತಿ ಅವರಾದರೂ ಬರಬೇಕು, ನಾನಾದರೂ ಹೋಗಬೇಕು. ನನ್ನ ಆಸೆ ಇಷ್ಟೇ: ರೈಲನ್ನು ಬಿಟ್ಟು, ಅವರನ್ನು ಹಿಂದೆ ಕೂರಿಸಿಕೊಂಡು, ಸಮುದ್ರದ ಗುಂಟ ಈ ಊರಿಂದ ಆ ಊರಿಗೆ ಇಬ್ಬರೂ ಒಟ್ಟಿಗೆ ಹೋಗುವುದು. ನಮ್ಮವರಿಗೆ ಗಾಡಿ ಹೊಡೆಯಲು ಬರುವುದಿಲ್ಲ. ಹಳೇ ಸ್ಕೂಟರಿನ ಕಾಲದಿಂದಲೂ ಅವರ ಜಾಗ ಹಿಂದೆಯೇ.

ವಿಳಿಂಜಂನಿಂದ ಒಬ್ಬಳೇ ಗಾಡಿ ಹೊಡೆದುಕೊಂಡು ಕೊಚ್ಚಿಗೆ ಬರುವಾಗಲೇ ಎರಡು ಸದ್ದು ಕೇಳಿಸಿದವು. ಒಂದು, ಆಕ್ಸಿಲರೇಟರ್ ಬಿಟ್ಟು ಹಿಡಿದಾಗೆಲ್ಲ ಹಿಂದಿನಿಂದ ಟಕ್. ಇನ್ನೊಂದು, ಸಣ್ಣಗೆ, ಎಳೆದ ತಂತಿಯ ಹಾಗೆ, ಕುಂಯ್. ಟಕ್ ಬಂದು ಹೋಗುತ್ತಿತ್ತು. ಕುಂಯ್ ಬಂದದ್ದು ಹೋಗಲಿಲ್ಲ. ಆಲಪ್ಪುಳ ದಾಟುವಷ್ಟರಲ್ಲಿ ನನ್ನ ಬೆನ್ನು ಬೆವೆತಿತ್ತು. ಹಿಂದಿನ ಹಲ್ಲುಚಕ್ರದ ಬೇರಿಂಗು ಒಡೆದು ಚೂರು ಹಲ್ಲಿನ ನಡುವೆ ಸಿಕ್ಕಿಕೊಂಡಿತೆಂದರೆ ಗಾಲಿ ನಿಂತಲ್ಲೇ ನಿಂತುಬಿಡುತ್ತದೆ. ನಾನೊಬ್ಬಳೇ ಬಿದ್ದರೆ ಬಿದ್ದೆ. ಹಿಂದೆ ಅವರಿದ್ದರೆ? ಈ ಸದ್ದು ಎಲ್ಲಿಯದು ಎಂದು ಗೊತ್ತಾಗುವವರೆಗೆ ನಮ್ಮವರನ್ನು ಈ ಗಾಡಿಯ ಮೇಲೆ ಕೂರಿಸುವುದಿಲ್ಲ ಎಂದು ಪಾಲಾರಿವಟ್ಟಂನ ಸಿಗ್ನಲ್ಲಿನಲ್ಲಿ ನಿಂತು ಶಪಥ ಮಾಡಿದೆ.

ನನಗೆ ಸದ್ದಿನ ವಿಷಯದಲ್ಲಿ ಸೊಕ್ಕು ಇತ್ತು. ಇರಬೇಕಾದದ್ದೇ. ನಮ್ಮಪ್ಪನದು ಹಿಟ್ಟಿನ ಗಿರಣಿ. ನಾನು ಹುಟ್ಟಿದ್ದು ಗಿರಣಿಯ ಹಿಂದಿನ ಕೋಣೆಯಲ್ಲಿ, ಬೆಳೆದದ್ದು ಜೋಳದ ಹಿಟ್ಟಿನ ಧೂಳಿನಲ್ಲಿ. ಸಾಲೆಗೆ ಹೋದರೆ ನನ್ನ ರೆಪ್ಪೆಗಳ ಮೇಲೂ ಹಿಟ್ಟು ಇರುತ್ತಿತ್ತು. ಮಾಸ್ತರರು “ಏನs ಮುದುಕಿ” ಎಂದೇ ಕರೆಯುತ್ತಿದ್ದರು. ಪಟ್ಟಾ ತಿರುಗುವ ಸದ್ದು, ಕಲ್ಲು ಉಜ್ಜುವ ಸದ್ದು, ಹಿಟ್ಟು ಬೀಳುವ ಸದ್ದು, ಎಲ್ಲ ಸೇರಿ ಆ ಗಿರಣಿಯಲ್ಲಿ ಮಾತಾಡಬೇಕೆಂದರೆ ಕೂಗಬೇಕು. ಹೀಗಾಗಿ ಗಿರಣಿ ಮನೆತನದವರಿಗೆ ಮೆಲುದನಿ ಎಂಬುದೇ ಇಲ್ಲ. ನಾವು ಗುಟ್ಟು ಹೇಳಿದರೂ ಓಣಿಗೆ ಕೇಳುತ್ತದೆ. ನನ್ನನ್ನು ನೋಡಲು ಬಂದ ದಿನ ನಮ್ಮವರ ತಾಯಿ, “ಹುಡುಗಿ ಚಂದ ಅದಾಳ, ಆದ್ರ ಯಾಕ ಜಗಳಾಡಾಕತ್ಯಾಳ?” ಎಂದು ಕೇಳಿದ್ದರಂತೆ. ನಾನು ಚಾ ಬೇಕೋ ಕಾಫಿ ಬೇಕೋ ಎಂದು ಕೇಳುತ್ತಿದ್ದೆ.

ಅಪ್ಪನ ಹತ್ತಿರ ಒಂದು ಮೊಳ ಉದ್ದದ, ಮರದ ಹಿಡಿಕೆಯ ಸ್ಕ್ರೂಡ್ರೈವರು ಇತ್ತು. ಗಿರಣಿ ಹದ ತಪ್ಪಿದಾಗ ಅದರ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ನನ್ನನ್ನು ಎತ್ತಿಕೊಂಡು ನನ್ನ ಕಿವಿಗೂ ಹಚ್ಚುತ್ತಿದ್ದ. “ಕೇಳs ಶಕ್ಕವ್ವ. ಒಂದ್ ಕಡೆ ಜೋರ್ ಕೇಳಿ, ಬಾಜೂಕ ಸರದಾಗ ಕಡಿಮಿ ಆದ್ರ ರೋಗ ಅಲ್ಲೇ ಐತಿ. ಎಲ್ಲಾ ಕಡೆ ಒಂದs ಸಮ ಕೇಳ್ತಂದ್ರ ಅದು ಅಲ್ಲಿಂದು ಅಲ್ಲ, ಬ್ಯಾರೆ ಕಡೆಯಿಂದ ಬರಾಕತ್ತೈತಿ.” ನಾನು ಬ್ಯಾಂಕಿನ ಪರೀಕ್ಷೆ ಪಾಸಾದಾಗ ಅಪ್ಪನಿಗೆ ಖುಷಿಯಾದದ್ದು ನಿಜ, ಆದರೆ ನಾಲ್ಕನೇ ಇಯತ್ತೆಯಲ್ಲಿದ್ದಾಗ ಮೇಲಿನ ಬೇರಿಂಗು ಹೋಗಿದೆ ಎಂದು ಕಿವಿಯಿಂದಲೇ ಹೇಳಿದ್ದೆನಲ್ಲ, ಅಷ್ಟು ಖುಷಿ ಅಲ್ಲ.

ಆ ಸ್ಕ್ರೂಡ್ರೈವರನ್ನು ಹಿಡಿದುಕೊಂಡೇ ಏಲೂರಿನ ಸಜೀವನ್ ಎಂಬ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದೆ. ಗೊಬ್ಬರದ ಕಾರ್ಖಾನೆಗಳ ನಡುವೆ ಇದ್ದ ಆ ಶೆಡ್ಡಿನಲ್ಲಿ ಹಳೆಯ ದೊಡ್ಡ ಗಾಡಿಗಳನ್ನೇ ನೋಡುವುದು ಅವನ ಕೆಲಸ. ಅವನು ಗಾಡಿಯನ್ನು ಒಂದು ಸುತ್ತು ಹೊಡೆದು ಬಂದ.

“ಟಕ್ ಉಂಡು, ಚೇಚೀ. ಕುಂಯ್ ಇಲ್ಲ. ಎನಿಕ್ಕ್ ಒನ್ನುಂ ಕೇಳ್ಕುನ್ನಿಲ್ಲ.”

ಟಕ್ ಇದೆ, ಕುಂಯ್ ತನಗೆ ಕೇಳಿಸುತ್ತಿಲ್ಲ ಎಂದು. “ಸರಿಯಾಗಿ ಕೇಳು ಮಾರಾಯ” ಎಂದು ಕನ್ನಡದಲ್ಲೇ ಗದರಿದೆ. ಅವನು ಮತ್ತೊಂದು ಸುತ್ತು ಹೋಗಿ ಬಂದು ಅದನ್ನೇ ಹೇಳಿದ. ಎಂಥ ಕಿವಿಯಪ್ಪ ಇವನದು ಎಂದುಕೊಂಡೆ.

ಶನಿವಾರ ನಮ್ಮವರು ಬಂದರು. ಫ್ಲ್ಯಾಟಿನ ಕೆಳಗೆ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ, “ಕೇಳ್ರಿ” ಎಂದೆ. ಅವರು ಸೊಂಟ ಬಗ್ಗಿಸಿ, ಪೂಜೆಗೆ ಕೂತವರ ಶ್ರದ್ಧೆಯಿಂದ ಕೇಳಿದರು.

“ನನಗೇನೂ ಕೇಳವಲ್ದು.”

“ಕುಂಯ್ ಅನ್ನಾಕತ್ತಿಲ್ಲೇನ್ರಿ?”

“ಇಲ್ಲ ಬಿಡs. ಡಾಕ್ಟರು ಗಾಡಿಗೆ ಬೇಕೋ ನಿನಗ ಬೇಕೋ?”

ತಮಾಷೆಗೇ ಅಂದದ್ದು. ಆದರೆ ನನಗೆ ಚುರ್ ಎಂದಿತು. ಗಿರಣಿಯವಳ ಕಿವಿಯನ್ನು ಅನುಮಾನಿಸುವುದೆಂದರೇನು? ಕುಂಯ್ ಗಾಡಿಯದೇ ಎಂದು ಇವರ ಮುಂದೆ ಸಾಧಿಸಿ ತೋರಿಸದಿದ್ದರೆ ನಾನು ಗಿರಣಿ ಬಸಪ್ಪನ ಮಗಳೇ ಅಲ್ಲ ಎಂದೆ. ಗದಗಿನವರ ಹಟ ಉಡದ ಪಟ್ಟು. ಗೋಡೆಯಾದರೂ ಬೀಳಬೇಕು, ಉಡ ಬಿಡುವುದಿಲ್ಲ.

ಮೊದಲು ಟಕ್ಕನ್ನು ಹಿಡಿದೆವು. ರಜೆ ಹಾಕಿ, ಹಳೇ ಚೂಡಿದಾರ ತೊಟ್ಟು, ಸಜೀವನ್ ಜೊತೆ ನೆಲದ ಮೇಲೆ ಕೂತೆ. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು ಗಾಲಿಯನ್ನು ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲುಗಿಸಿದರೆ, ಹಲ್ಲಿಗೆ ಹಲ್ಲು ತಾಗುವ ಮೊದಲು ಒಂದಿಷ್ಟು ಸಡಿಲ ಸಿಗುತ್ತದೆ. ಅದಕ್ಕೆ ಪ್ಲೇ ಎನ್ನುತ್ತಾರೆ. ಗೇರಿಗೆ ಹಾಕಿ ಅಲುಗಿಸಿದರೆ ಸಡಿಲ ಇನ್ನೂ ಹೆಚ್ಚು ಕಾಣುತ್ತದೆ, ಏಕೆಂದರೆ ಆಗ ಗೇರ್ ಬಾಕ್ಸಿನದೂ ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ನೋಡುವವರು ಗೇರಿಗೆ ಹಾಕಿ ಅಲುಗಿಸಿ, ಅಯ್ಯೋ ಹಿಂದಿನದೆಲ್ಲ ಹೋಯಿತು ಎಂದು ಎದೆ ಬಡಿದುಕೊಳ್ಳುತ್ತಾರೆ. ನಾನೂ ಬಡಿದುಕೊಂಡೆ. ಆಮೇಲೆ ನ್ಯೂಟ್ರಲ್ಲಿನಲ್ಲಿ ನೋಡಿದರೆ ಸಡಿಲ ಸಣ್ಣದು, ಇರಬೇಕಾದಷ್ಟೇ. ಗಿರಣಿಯಲ್ಲೂ ಹಾಗೆಯೇ. ಕಲ್ಲಿಗೆ ಕಲ್ಲು ಬಿಗಿಯಾದರೆ ಹಿಟ್ಟು ಸುಡುತ್ತದೆ, ದೂರವಾದರೆ ನುಚ್ಚು ಬೀಳುತ್ತದೆ.

ಮತ್ತೆ ಟಕ್ ಎಲ್ಲಿಯದು? ಗಾಲಿಯ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಡ್ಡಕ್ಕೆ ಅಲುಗಿಸಿದೆ. ಟಕ್! ಸಜೀವನ್ ಹಿಂದಿನ ಹಲ್ಲುಚಕ್ರದ ಪೆಟ್ಟಿಗೆಯೇ ಹೋಗಿದೆ, ಬಿಚ್ಚೋಣ ಎಂದ. ತಡಿ ಎಂದು, ಅವನಿಗೆ ಅಲುಗಿಸಲು ಹೇಳಿ, ನಾನು ಸೇರಿಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟೆ. ಗಾಲಿಗೂ ಪೆಟ್ಟಿಗೆಗೂ ನಡುವೆ ಏನೂ ಇಲ್ಲ. ಪೆಟ್ಟಿಗೆಗೂ ಕೊಳವೆಗೂ ನಡುವೆ ಏನೂ ಇಲ್ಲ. ಕೊಳವೆ ಬಂದು ಗಾಡಿಯ ಮೈಗೆ ಸೇರುವ ಕೀಲಿನಲ್ಲಿ ಬೆರಳಿಗೆ ಕುಟುಕಿತು. ಅಲ್ಲಿನ ಬೇರಿಂಗು ಸವೆದಿತ್ತು. ಗಾಲಿಯ ಹತ್ತಿರ ಕೇಳಿದರೂ ರೋಗ ಇದ್ದದ್ದು ಅಷ್ಟು ದೂರ. ಕೀಲು ಬಿಚ್ಚಿದಾಗ ಒಳಗಿನ ಶಾಫ್ಟಿನ ತುದಿಯ ಗೀರುಗಳೂ ಗ್ರೀಸು ಕಾಣದೆ ಒಣಗಿ ತುಕ್ಕು ಹಿಡಿದಿದ್ದವು. ಉಜ್ಜಿ, ಕೈತುಂಬ ಗ್ರೀಸು ಮೆತ್ತಿ, ಹೊಸ ಬೇರಿಂಗು ಕೂರಿಸಿದೆವು. ಟಕ್ ಹೋಯಿತು. ಮರುದಿನ ನಾನು ಮಂಡಕ್ಕಿಯ ಗಿರಮಿಟ್ಟು ಕಲಸಿಕೊಂಡು ಹೋಗಿ ಸಜೀವನಿಗೆ ತಿನ್ನಿಸಿದೆ. ಮಂಡಕ್ಕಿಗೆ ಅವರು ಪೊರಿ ಎನ್ನುತ್ತಾರೆ; ಪೊರಿಗೆ ಯಾರಾದರೂ ಹಸಿ ಈರುಳ್ಳಿ ಹಾಕುತ್ತಾರೆಯೇ ಎಂದು ಕೇಳುತ್ತಲೇ ಡಬ್ಬಿ ಖಾಲಿ ಮಾಡಿದ.

ಆದರೆ ಕುಂಯ್ ಹಾಗೇ ಇತ್ತು.

ಹಿಂದಿನ ಪೆಟ್ಟಿಗೆಯ ಎಣ್ಣೆ ಇಳಿಸಿದೆವು. ಬೆರಳಲ್ಲಿ ತಿಕ್ಕಿ ನೋಡಿದರೆ ಉಕ್ಕಿನ ಚೂರಿಲ್ಲ; ಅಯಸ್ಕಾಂತದ ಬಿರಡೆಗೆ ಕಣ್ಣಿನ ಕಾಡಿಗೆಯಂಥ ಮೆತ್ತನೆ ಮಸಿ ಮಾತ್ರ ಅಂಟಿತ್ತು. ಅದು ಒಳ್ಳೆಯ ಲಕ್ಷಣ. ಕುಂಯ್. ಕ್ಲಚ್ ಹಿಡಿದು ಗಾಡಿಯನ್ನು ತೇಲಿಬಿಟ್ಟೆ. ಕುಂಯ್. ಗೇರು ಬದಲಿಸಿದೆ. ಕುಂಯ್. ನಿಧಾನ ಹೋದರೂ ಜೋರು ಹೋದರೂ ಅದೇ ಸ್ವರ. ತಿರುಗುವ ವಸ್ತುವಿನ ಸದ್ದು ವೇಗದ ಜೊತೆ ಏರಬೇಕು, ಇಳಿಯಬೇಕು. ಇದು ಎರಡನ್ನೂ ಮಾಡುತ್ತಿರಲಿಲ್ಲ. ಅದು ನನಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಈ ಗಾಡಿಯ ಜಾತಿಯೇ ಹಾಗಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಹಟ ಹಿಡಿದವಳ ಬುದ್ಧಿ ಬೇಕಾದಾಗ ಚುರುಕು, ಬೇಕಾದಾಗ ಮಂಕು.

ನಮ್ಮವರು ಕಚೇರಿ ಕೆಲಸದಿಂದ ಬರಲಾಗದ ಒಂದು ಭಾನುವಾರ ಬೆಳಿಗ್ಗೆ ಫ್ಲ್ಯಾಟಿನ ಹಿಂದಿನ ಅಂಗಳದಲ್ಲಿ ಯಾರೂ ಇರಲಿಲ್ಲ. ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗಿಟ್ಟು, ಹಿಡಿಕೆಯನ್ನು ಎಡಗಿವಿಗೆ ಒತ್ತಿದೆ. ಎಂಜಿನ್ನಿನ ಗುಡುಗುಡು, ಅದರ ಮೇಲೆ ಕುಂಯ್. ಸಿಕ್ಕಿತು ಕಳ್ಳ ಎಂದುಕೊಂಡೆ. ಖಾತ್ರಿಗೆ ಹಿಂದಿನ ಪೆಟ್ಟಿಗೆಗಿಟ್ಟೆ. ಅಲ್ಲೂ ಕುಂಯ್. ಕಾಲಿಡುವ ಕಂಬಿಗಿಟ್ಟೆ. ಪೆಟ್ರೋಲ್ ಟ್ಯಾಂಕಿಗಿಟ್ಟೆ. ಎಲ್ಲಾ ಕಡೆ ಕುಂಯ್, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಎಂಜಿನ್ ಆರಿಸಿದೆ. ಗುಡುಗುಡು ನಿಂತಿತು. ಕುಂಯ್ ನಿಲ್ಲಲಿಲ್ಲ.

ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಸ್ಕ್ರೂಡ್ರೈವರನ್ನು ಕಂಪೌಂಡ್ ಗೋಡೆಗಿಟ್ಟು ಕೇಳಿದೆ. ಗೋಡೆ ಕುಂಯ್ ಎಂದಿತು. ಹಲಸಿನ ಮರಕ್ಕಿಟ್ಟೆ. ಮರ ಕುಂಯ್ ಎಂದಿತು. ಮೇಲಿನ ಮನೆಯ ಅಮ್ಮ ಬಟ್ಟೆ ಒಣಗಿಸುತ್ತ, ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ಕಣ್ಣು ಮುಚ್ಚಿ ನಿಂತ ಬ್ಯಾಂಕಿನ ಆಫೀಸರಮ್ಮನನ್ನು ನೋಡಿ, ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಹೋದರು. ಬಲಗಿವಿಗೆ ಹಚ್ಚಿದೆ. ಆ ಕಿವಿಗೆ ಮರ ಸುಮ್ಮನಿತ್ತು. ಎಡಗಿವಿಗೆ ಹಚ್ಚಿದೆ. ಕುಂಯ್.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಶಾಫ್ಟು ಡೊಂಕು ಅಂದಿದ್ದೆ.

ಹಲಸಿನ ಬುಡದಲ್ಲೇ ಕೂತೆ. ಅಂಜಿಕೆಯಾಯಿತು, ಅಳು ಬಂತು, ಅತ್ತುಬಿಟ್ಟೆ. ಅಪ್ಪನ ನೆನಪಾಯಿತು. ಗದಗಿನಲ್ಲಿ ಕರೆಂಟು ಹೋಗಿ ಗಿರಣಿಗಳೆಲ್ಲ ನಿಂತಾಗ, ಅಪ್ಪ ಕಟ್ಟೆಯ ಮೇಲೆ ಕೂತು, “ಯಾರ ಗಿರಣಿ ಚಾಲೂ ಐತಿ ನೋಡ್ರಿ, ಸದ್ದು ಬರಾಕತ್ತೈತಿ” ಎನ್ನುತ್ತಿದ್ದ. ಊರಿಗೇ ಕರೆಂಟಿಲ್ಲ, ಯಾರ ಗಿರಣಿ? ಚೇಷ್ಟೆ ಮಾಡುತ್ತಾನೆ ಎಂದು ನಾವು ನಕ್ಕರೆ ಅವನೂ ನಗುತ್ತಿದ್ದ. ಕೊನೆಕೊನೆಗೆ ಅವನಿಗೆ ಏನು ಕೇಳುತ್ತಿತ್ತು, ಏನು ಕೇಳುತ್ತಿರಲಿಲ್ಲ, ನಮಗೆ ತಿಳಿಯಲೇ ಇಲ್ಲ. ಎಲ್ಲರೂ ಕೂಗಿ ಮಾತಾಡುವ ಮನೆಯಲ್ಲಿ ಒಬ್ಬ ಕಿವುಡನಾದರೆ ಯಾರಿಗೆ ಗೊತ್ತಾಗುತ್ತದೆ?

ಇನ್ನೂ ಒಂದು ಇದೆ. ಮನೆಯಲ್ಲಿ ಫ್ಯಾನು ಆರಿಸಿ ಮಲಗಿದಾಗಲೂ ಈ ಸದ್ದು ನನಗೆ ಕೇಳಿಸುತ್ತಿತ್ತು. ನಾನು ಅದನ್ನು ಜೀರುಂಡೆ ಎಂದುಕೊಂಡಿದ್ದೆ! ಬಯಲುಸೀಮೆಯ ಎರೆನೆಲದಿಂದ ಬಂದವಳಿಗೆ ಈ ಹಸಿರು ನೋಡಿ, ಕೇರಳ ಎಂದಮೇಲೆ ಹಗಲೂ ಇರುಳೂ ಜೀರುಂಡೆ ಇರುವವೇ ಎಂದು ತೋರಿತ್ತು. “ಏನ್ ಜೀರುಂಡಿ ಅದಾವs ಇಲ್ಲಿ” ಎಂದು ಫೋನಿನಲ್ಲಿ ತಂಗಿಗೆ ಹೆಮ್ಮೆಯಿಂದ ಹೇಳಿದ್ದೂ ಉಂಟು. ಹೆಲ್ಮೆಟ್ ಹಾಕಿದಾಗ ಹೊರಗಿನ ಸದ್ದು ಕಡಿಮೆಯಾಗಿ ಜೀರುಂಡೆ ಜೋರಾಗುತ್ತಿತ್ತು, ಅಷ್ಟೇ.

ಕಣ್ಣೊರೆಸಿಕೊಂಡು ನಮ್ಮವರಿಗೆ ಫೋನು ಮಾಡಿದೆ. “ಗಾಡಿ ಗಟ್ಟಿ ಐತ್ರಿ. ಕುಂಯ್ ನಂದs. ಕಿವೀದು.”

ಅವರು ನಗುತ್ತಾರೆ ಎಂದು ಕಾದೆ. ನಗಲಿಲ್ಲ. “ಅಂದ್ರ?” ಎಂದರು. ಹೇಳಿದೆ. “ನಾ ಇವತ್ತs ಹೊರಡ್ತೀನಿ. ನಾಳೆ ಡಾಕ್ಟರ್ ಕಡೆ ಹೋಗೂಣು” ಎಂದರು. ರೈಲಿನಲ್ಲಿ ಜಾಗ ಸಿಗದೆ ಬಸ್ಸಿನಲ್ಲಿ ನಿಂತುಕೊಂಡು ಬಂದರು.

ಕಿವಿಯ ಪರೀಕ್ಷೆ ಮಾಡುವ ಕೋಣೆಯೂ ಒಂದು ಶೆಡ್ಡೇ. ಒಂದೊಂದೇ ಕಿವಿ, ಒಂದೊಂದೇ ಸ್ವರ, ಕೇಳಿದರೆ ಗುಂಡಿ ಒತ್ತಬೇಕು. ನಾವು ಸೇರಿಕೆಗಳ ಮೇಲೆ ಬೆರಳಿಟ್ಟಂತೆಯೇ. ಡಾಕ್ಟರಮ್ಮ ಕಾಗದ ನೋಡಿ, ನನಗೆ ಎದುರಾಗಿ ಕೂತು, ತುಟಿ ಕಾಣುವಂತೆ ಇಂಗ್ಲಿಷಿನಲ್ಲಿ ಹೇಳಿದರು: ಎಡಗಿವಿ ಬಹಳ ಹೋಗಿದೆ, ಬಲಗಿವಿಯೂ ಸ್ವಲ್ಪ. ಹೋದದ್ದು ಮರಳಿ ಬರುವುದಿಲ್ಲ. ಕುಂಯ್ ಕೂಡ ಪೂರ್ತಿ ಹೋಗಲಾರದು. ಕಿವಿಗೆ ಕೇಳುವ ಯಂತ್ರ ಹಾಕಿದರೆ ಅದು ಹಿಂದಕ್ಕೆ ಸರಿಯುತ್ತದೆ. ಆಮೇಲೆ ಕೇಳಿದರು, ಜನ ಮಾತಾಡಿದ್ದು ಎಷ್ಟು ಕಾಲದಿಂದ ಸರಿಯಾಗಿ ತಿಳಿಯುತ್ತಿಲ್ಲ?

“ನನಗೆ ಮಲಯಾಳಂ ಅಷ್ಟು ಬರುವುದಿಲ್ಲ, ಅದಕ್ಕೇ...” ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದೆ. ಬ್ಯಾಂಕಿನಲ್ಲಿ ಯಾರೇನು ಹೇಳಿದರೂ “ಎಂದಾ?”, ಅಂದರೆ ಏನು, ಎನ್ನುವುದು ನನ್ನ ಅಭ್ಯಾಸ. ಕರ್ನಾಟಕದ ಮೇಡಂಗೆ ಭಾಷೆ ತಿಳಿಯುವುದಿಲ್ಲ ಎಂದು ಪಾಪ, ಎಲ್ಲರೂ ಇನ್ನೊಮ್ಮೆ ಬಿಡಿಸಿ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ಗದಗಿನ ಬ್ಯಾಂಕಿನಲ್ಲೇ ಇದ್ದಿದ್ದರೆ ಎಂದೋ ಗೊತ್ತಾಗುತ್ತಿತ್ತು.

ಯಂತ್ರ ಹಾಕಿಸಿಕೊಂಡು ಹೊರಗೆ ಬಂದರೆ ಲೋಕವೆಲ್ಲ ಪ್ಲಾಸ್ಟಿಕ್ ಚೀಲದ ಹಾಗೆ ಬರಬರ ಅನ್ನುತ್ತಿತ್ತು. ನನ್ನ ಚಪ್ಪಲಿಗೂ ಸದ್ದಿದೆ! ಕಿತ್ತು ಬಿಸಾಡಬೇಕೆನಿಸಿತು. ಆದರೆ ನಾನು ಬಿಡುವ ಪೈಕಿಯಲ್ಲ. ಒಂದು ವಾರ ತಲೆ ಸಿಡಿದರೂ ಹಾಕಿಕೊಂಡೇ ಕೂತೆ. ಸಜೀವನ್ ಒಂದು ಸಲ ಹೇಳಿದ್ದಕ್ಕೇ ನಾನು ಉತ್ತರ ಕೊಟ್ಟಾಗ ಅವನು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದ.

ಗಾಡಿ ಗಟ್ಟಿಯಿದೆ ಎಂದು ಈಗ ಕೈಗೂ ಗೊತ್ತು, ಕಣ್ಣಿಗೂ ಗೊತ್ತು. ನಮ್ಮವರನ್ನು ಕೂರಿಸಲು ಇನ್ನು ಅಡ್ಡಿಯಿರಲಿಲ್ಲ. ಮುಂದಿನ ಶನಿವಾರ ಬೆಳಕು ಹರಿಯುತ್ತಲೇ ಕೊಚ್ಚಿಯಿಂದ ಹೊರಟೆವು. ಹೆಲ್ಮೆಟ್ ಏರಿಸುವಾಗ ಕಿವಿಯ ಯಂತ್ರ ಸೀಟಿ ಹೊಡೆಯಿತು, ಸರಿಮಾಡಿಕೊಂಡೆ. ಹೆದ್ದಾರಿಯ ಗಾಳಿಯಲ್ಲಿ ಯಾವ ಯಂತ್ರಕ್ಕೂ ಏನೂ ಕೇಳುವುದಿಲ್ಲ. ತಿರುವನಂತಪುರ ದಾಟಿ, ಮಾರಿದ ಎಂಜಿನಿಯರಿಗೊಮ್ಮೆ ಗಾಡಿ ತೋರಿಸೋಣವೆಂದು ವಿಳಿಂಜಂ ಕಡೆಯ ಸಣ್ಣ ರಸ್ತೆಗೆ ಇಳಿದೆ. ಮೀನಿನ ಬುಟ್ಟಿಗಳ ನಡುವೆ ವೇಗ ತಗ್ಗಿ ಗಾಳಿ ನಿಂತಿತು. ರಸ್ತೆ ಖಾಲಿಯಾದ ಕೂಡಲೇ ಆಕ್ಸಿಲರೇಟರ್ ತಿರುವಿದೆ. ಟಕ್ ಇಲ್ಲ. ಎಂಥ ಸುಖ!

ಆಗ ಬೆನ್ನ ಹಿಂದಿನಿಂದ ಒಂದು ದನಿ ಕೇಳಿಸಿತು. ಮೆಲ್ಲಗಿನ ದನಿ, ಜಪದ ಹಾಗೆ.

“ಸಾವಕಾಶ ಹೊಡಿ ಶಕ್ಕು. ನನಗ ಭಾಳ ಅಂಜಿಕಿ ಆಗಾಕತ್ತೈತಿ. ಸಾವಕಾಶ.”

ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ ಹಿಂದೆ ತಿರುಗಿದೆ. ನಾನು ಕೇಳಿಸಿಕೊಂಡೆ ಎಂದು ಅವರಿಗೆ ಹೊಳೆದದ್ದು ಆಗ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನೋಡಿದರು. ಇಷ್ಟು ವರ್ಷ ಅವರು ಹಿಂದೆ ಏನೋ ಗೊಣಗಿದಾಗೆಲ್ಲ ನಾನು, “ಹೂಂ ನೋಡ್ರಿ, ಸಮುದ್ರ ಎಷ್ಟ್ ಚಂದ ಐತಿ!” ಎಂದು ಕೂಗಿ ಇನ್ನಷ್ಟು ಜೋರು ಬಿಡುತ್ತಿದ್ದೆ.

“ಎಂದಿನಿಂದ ಹೇಳಾಕತ್ತೀರಿ ಇದನ್ನ?”

“ಸ್ಕೂಟರ್ ಇದ್ದಾಗಿಂದ.”

“ಮತ್ತ ಇಳದು ರೈಲಿಗೆ ಹೋಗಬೇಕಿಲ್ಲೋ?”

“ನೀ ಒಬ್ಬಾಕಿನs ಹೋಗ್ತಿದ್ದೆಲ್ಲ” ಎಂದರು.

ಗಾಡಿಯನ್ನು ಮೊದಲನೇ ಗೇರಿಗೆ ಹಾಕಿದೆ. ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ನಡೆಯುತ್ತಲೇ ನಮ್ಮನ್ನು ದಾಟಿ ಮುಂದೆ ಹೋದಳು, ನಾನು ಅವಳ ಹಿಂದೆಯೇ ಹೊಡೆದೆ.